ಕಾರ್ಡು ಉಳಿಸಿ ಪುಸ್ತಕ ಎಸೆದದ್ದು

ನನಗೊಂದು ಕೆಟ್ಟ ಚಟವಿದೆ. ಗಾಬರಿಯಾಗಬೇಡಿ, ಎಲೆ ಅಡಿಕೆಯದಲ್ಲ. ಪುಟ ತಿರುವುವ ಮೊದಲು ತೋರುಬೆರಳನ್ನು ನಾಲಿಗೆಗೆ ಮುಟ್ಟಿಸುವ ಚಟ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೂತವಳಿಗೆ ಇದು ಇರಬಾರದೆಂದು ನನಗೂ ಗೊತ್ತು. ‘ಎಂಜಲು ಹಚ್ಚಿ ಪುಟ ತಿರುವಬೇಡಿ’ ಎಂದು ಬರೆಸಿ ಗೋಡೆಗೆ ತೂಗುಹಾಕಿಸಿದವಳೂ ನಾನೇ. ಆ ಫಲಕದ ಕೆಳಗೇ ಕೂತು ಅಷ್ಟೂ ವರ್ಷ ಎಂಜಲು ಹಚ್ಚಿದ್ದೇನೆ. ಅದೂ ಹೋಗಲಿ ಎಂದರೆ, ಈಗ ಮೊಬೈಲಿನ ಪರದೆ ಸರಿಸುವ ಮೊದಲೂ ಬೆರಳು ತಾನಾಗಿಯೇ ನಾಲಿಗೆಗೆ ಹೋಗಿಬರುತ್ತದೆ. ಒದ್ದೆ ಬೆರಳಿಗೆ ಪರದೆ ಜಗ್ಗುವುದಿಲ್ಲ. ಸೆರಗಿನಿಂದ ಒರೆಸುತ್ತೇನೆ, ಮತ್ತೆ ಸರಿಸಲು ಹೋಗುತ್ತೇನೆ, ಬೆರಳು ಮತ್ತೆ ನಾಲಿಗೆಗೆ. ನಮ್ಮನೆಯವರು ನಿವೃತ್ತ ಮಾಸ್ತರು. ಎದುರಿನ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡಿ, “ಸ್ವಲ್ಪ ಉಪ್ಪು ಹಚ್ಕಂಡು ನೆಕ್ಕೆ, ರುಚಿಯಾದ್ರೂ ಇರ್ತದೆ” ಎನ್ನುತ್ತಾರೆ.

ಬೆರಳಿನ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ನನ್ನ ತವರು ಭಾವಿಕೇರಿ. ಚಿಕ್ಕವಳಿದ್ದಾಗ ಪುಸ್ತಕ ಬೇಕೆಂದರೆ ಅಂಕೋಲೆಗೆ ನಡೆದುಬರಬೇಕಿತ್ತು. ಆಗ ಅಲ್ಲಿದ್ದ ಗ್ರಂಥಪಾಲರು ಉದ್ದ ಮೂಗಿನ ಒಬ್ಬ ಮುದುಕರು. ಪುಸ್ತಕ ಕೊಡುವ ಮೊದಲು ಮಕ್ಕಳ ಕೈ ಮೂಸುತ್ತಿದ್ದರು! ಭಾನುವಾರ ಮಧ್ಯಾಹ್ನ ಬಂಗಡೆ ಸಾರು ಉಂಡು ಹೋದೆವೋ, ಮುಗಿಯಿತು. “ಏ ಹುಡುಗಿ, ನಾಳೆ ಬಾ. ನಿನ್ನ ಕೈಯಲ್ಲಿ ಕೊಟ್ರೆ ಈ ಪುಸ್ತಕ ಬೆಕ್ಕು ಓದ್ತದೆ” ಎಂದು ಕಳಿಸುತ್ತಿದ್ದರು. ನಾನೂ ನನ್ನ ಗೆಳತಿಯೂ ದಾರಿಯಲ್ಲಿ ಗೇರುಎಲೆ ಹಿಸುಕಿ ಕೈಗೆ ತಿಕ್ಕಿಕೊಂಡು ಹೋಗುತ್ತಿದ್ದೆವು. ಮುದುಕರು ಮೂಸಿ, “ಬಂಗಡೆ ಮೇಲೆ ಗೇರುಎಲೆ” ಎಂದು ಸ್ಪಷ್ಟವಾಗಿ ಹೇಳುತ್ತಿದ್ದರು. ಅಷ್ಟೆಲ್ಲ ಪರೀಕ್ಷೆ ಪಾಸಾಗಿ ಒಳಗೆ ಹೋದರೂ ಬೇಕಾದ ಪುಸ್ತಕವನ್ನು ಇನ್ಯಾರೋ ಒಯ್ದಿರುತ್ತಿದ್ದರು. ಹದಿನೈದು ದಿನ ಕಾಯಬೇಕು. ಆ ಪುಸ್ತಕ ಒಯ್ದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತ ಮನೆಗೆ ನಡೆಯುವುದು. ಮುಂದೆ ನಾನೇ ಆ ಕುರ್ಚಿಯಂಥದೇ ಒಂದು ಕುರ್ಚಿಯಲ್ಲಿ ಕೂತು ಎಷ್ಟು ಜನರಿಂದ ಅದೇ ಶಾಪ ಹಾಕಿಸಿಕೊಂಡೆನೋ ಲೆಕ್ಕವಿಲ್ಲ. ಒಂದು ಪುಸ್ತಕ ಒಂದು ಸಲಕ್ಕೆ ಒಬ್ಬರಿಗೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಇದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ, ನೀರು ಕೆಳಗೆ ಹರಿಯುತ್ತದೆ ಎಂಬಷ್ಟೇ ಸಹಜವಾಗಿ ತಿಳಿದುಕೊಂಡಿದ್ದೆ.

ಹೀಗಿದ್ದವಳನ್ನು ಐವತ್ತೈದರ ಹೊಸ್ತಿಲಲ್ಲಿ ವೆಬ್ ತಂತ್ರಜ್ಞಾನ ಕಲಿಯಲು ಕಾರವಾರಕ್ಕೆ ಕಳಿಸಿದರು ನೋಡಿ! ‘ಸಾರ್ವಜನಿಕ ಗ್ರಂಥಾಲಯಗಳ ಡಿಜಿಟಲ್ ಸಂಪನ್ಮೂಲ ವಿಸ್ತರಣೆ’ ಎಂದು ಆದೇಶದ ಕಾಗದ ಬಂತು. ನಾನು ಅದನ್ನು ಎರಡು ಸಲ ಓದಿ, ಬೇರೆ ಯಾರಿಗೋ ಬಂದದ್ದು ನಮ್ಮ ಲಕೋಟೆಗೆ ಸೇರಿಕೊಂಡಿದೆ ಎಂದು ತೀರ್ಮಾನಿಸಿ ಬದಿಗಿಟ್ಟೆ. ಆಮೇಲೆ ಫೋನೂ ಬಂತು. ತಪ್ಪಿಸಿಕೊಳ್ಳುವ ಹಾದಿ ಇರಲಿಲ್ಲ.

ವಾರಕ್ಕೆ ಎರಡು ದಿನ, ಎರಡು ತಿಂಗಳು. ಬೆಳಿಗ್ಗೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸು ಹತ್ತಿದರೆ ಹಟ್ಟಿಕೇರಿ ಬರುವಷ್ಟರಲ್ಲಿ ಹಿಂದಿನ ಪಾಠವನ್ನು ಎರಡು ಸಲ ಓದಿ ಮುಗಿಸಿರುತ್ತಿದ್ದೆ. ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ನೋಟ್‌ಬುಕ್ಕು ಎದೆಗೆ ಅವಚಿಕೊಂಡು ಕೂತಿರುತ್ತಿದ್ದೆ. ಕಲಿಸುವವಳು ಶ್ವೇತಾ ಎಂಬ ಹುಡುಗಿ, ಕಾರವಾರದವಳೇ, ಮನೆಮಾತು ಕೊಂಕಣಿ. ನನ್ನ ಮಗಳಿಗಿಂತ ಚಿಕ್ಕವಳು. ಮೊದಲ ದಿನ ನಾನು ಅವಳನ್ನು ‘ಮೇಡಂ’ ಎಂದೆ, ಅವಳು ನನ್ನನ್ನು ‘ಮೇಡಂ’ ಎಂದಳು. ಯಾರು ಯಾರಿಗೆ ಮೇಡಂ ಎಂದು ಎರಡು ತಿಂಗಳಾದರೂ ಇತ್ಯರ್ಥವಾಗಲಿಲ್ಲ.

ನಿಮಗೆ ಆಶ್ಚರ್ಯವಾಗಬಹುದು, ನನಗೆ ಕಲಿಕೆ ಅಷ್ಟೇನೂ ಕಷ್ಟವಾಗಲಿಲ್ಲ. ವೆಬ್ ಪುಟ ಬರೆಯುವಾಗ ಒಂದು ಗುರುತು ಹಾಕಿ ತೆರೆಯುವುದು, ಕೆಲಸ ಮುಗಿದಮೇಲೆ ಇನ್ನೊಂದು ಗುರುತು ಹಾಕಿ ಮುಚ್ಚುವುದು, ಅಷ್ಟೇ. ಉಳಿದವರು ತೆರೆದು ಮುಚ್ಚಲು ಮರೆಯುತ್ತಿದ್ದರು. ನಾನು ಕೊಟ್ಟ ಪುಸ್ತಕ ವಾಪಸು ಬರುವವರೆಗೂ ನಿದ್ದೆ ಮಾಡದ ಜಾತಿ, ನಾನೆಲ್ಲಿ ಮರೆಯಲಿ! ಆದರೂ ಒಂದು ದಿನ ದಪ್ಪ ಅಕ್ಷರದ ಗುರುತು ಮುಚ್ಚುವುದು ತಪ್ಪಿಹೋಗಿ ‘ಸ್ವಾಗತ’ದಿಂದ ಹಿಡಿದು ಗ್ರಂಥಾಲಯದ ವಾರದ ರಜೆಯವರೆಗೂ ಎಲ್ಲವೂ ದಪ್ಪವಾಗಿ ಮೂಡಿತು. “ಮೇಡಂ, ನಿಮ್ಮ ಗ್ರಂಥಾಲಯ ಕೂಗ್ತಾ ಇದೆ ಮಾರಾಯ್ರೆ” ಎಂದಳು ಶ್ವೇತಾ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಮನೆಗೆ ಬಂದು ಒಂದು ಲೋಟ ನೀರು ಹೆಚ್ಚು ಕುಡಿದೆ.

ಕಲಿಕೆಯ ಕೊನೆಗೆ ಎಲ್ಲರೂ ಒಂದೊಂದು ಕೆಲಸ ಮಾಡಿ ತೋರಿಸಬೇಕಿತ್ತು. ಬೇರೆ ಯಾವ ಗ್ರಂಥಾಲಯದಲ್ಲೂ ಇಲ್ಲದ, ನಮ್ಮ ಊರಿನದೇ ಆದ ಏನನ್ನಾದರೂ ಹುಡುಕಿ, ಅದರ ಪ್ರತಿ ತೆಗೆದು, ಗ್ರಂಥಾಲಯದ ಜಾಲತಾಣಕ್ಕೆ ಏರಿಸಬೇಕು. ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಬಸ್ಸಿನಲ್ಲಿ ಯೋಚಿಸಿದೆ, ಅಡುಗೆಮನೆಯಲ್ಲಿ ಯೋಚಿಸಿದೆ. ಹೊಳೆದದ್ದು ಗ್ರಂಥಾಲಯದ ಜಗಲಿಯಲ್ಲಿ.

ಅಲ್ಲಿ ದಿನಾ ಹನ್ನೊಂದರ ಸುಮಾರಿಗೆ ಕಡಲದಂಡೆಯ ಕೇಣಿಯಿಂದ ಗಿರಿಜಕ್ಕ ಬರುತ್ತಾಳೆ. ಓದಲಿಕ್ಕೆ ಅಲ್ಲ, ಅವಳಿಗೆ ಅಕ್ಷರ ಬಾರದು. ತಲೆಯ ಮೇಲಿನ ಮೀನುಬುಟ್ಟಿ ಇಳಿಸಿ ಐದು ನಿಮಿಷ ಕಾಲು ಚಾಚುವುದಕ್ಕೆ. “ಅಕ್ಕೋರೆ, ಬುಟ್ಟಿ ಇಲ್ಲಿಡ್ತೆ, ಹಾಂ?” ಎಂದು ಕೇಳುತ್ತಾಳೆ, ಉತ್ತರ ಬರುವ ಮೊದಲೇ ಇಟ್ಟಿರುತ್ತಾಳೆ. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು. ನಾನು ಒಂದು ದಿನವೂ ಪಾಠ ಹೇಳಿದವಳಲ್ಲ, ಆದರೆ ಕನ್ನಡಕ ಹಾಕಿಕೊಂಡು ಪುಸ್ತಕದ ಮಧ್ಯೆ ಕೂತಿರುವ ಹೆಂಗಸು ಅಕ್ಕೋರಲ್ಲದೆ ಇನ್ನೇನು ಎಂಬುದು ಅವಳ ನ್ಯಾಯ. ಆ ಉದ್ದ ಮೂಗಿನ ಮುದುಕರು ಈಗ ಬದುಕಿದ್ದು ನಮ್ಮ ಜಗಲಿ ಹತ್ತಿದರೆ ಏನಾಗುತ್ತಿದ್ದರೋ ದೇವರೇ ಬಲ್ಲ.

ಒಂದು ದಿನ ಹೀಗೇ ಮಾತಿಗೆ ನನ್ನ ಸಂಕಟ ಹೇಳಿಕೊಂಡೆ. ಗಿರಿಜಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸುತ್ತ, “ನಮ್ಮನೇಲಿ ಅಪ್ಪ ಬರ್ದ ಪುಸ್ತಕ ಒಂದದೆ. ಆಗ್ತದನ್ರಾ ಅದು?” ಎಂದಳು.

“ನಿಮ್ಮಪ್ಪ ಪುಸ್ತಕ ಬರೆದಿದ್ರಾ?”

“ಕತೆ ಪುಸ್ತಕ ಅಲ್ರಾ. ಕಡಲಿಂದು.”

ಮರುದಿನ ತಂದಳು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬುಟ್ಟಿಯಲ್ಲಿಡದೆ ಕಂಕುಳಲ್ಲಿ ಅವಚಿಕೊಂಡು. ಬೈಂಡು ಹಾಕಿದ ಉದ್ದನೆಯ ಪುಸ್ತಕ. ಮೂರನೆಯ ಇಯತ್ತೆಯವರೆಗೆ ಓದಿದ ಮನುಷ್ಯನ ಗುಂಡಗಿನ ಕೈಬರಹ. ನಾನು ಬೆರಳಿಗೆ ಎಂಜಲು ಹಚ್ಚಿ ಮೊದಲ ಪುಟ ತಿರುವಿದೆ. ‘ಗುಡ್ಡದ ಮೇಲಿನ ಒಂಟಿ ತಾಳೆಮರ, ಬೇಲೆಕೇರಿ ಕಡೆ ಕೆಂಪು ಧರೆ, ಎರಡೂ ಒಂದೇ ಗೆರೆಗೆ ಬಂದರೆ ಕೆಳಗೆ ಕಲ್ಲು. ಬಲೆ ಬೇಡ.’ ಇನ್ನೊಂದು ಪುಟದಲ್ಲಿ, ‘ಇಲ್ಲಿ ಶ್ರಾವಣದ ಮೇಲೆ ಬಂಗಡೆ. ನೀರು ಹಸಿರು ಇದ್ದರೆ ಮಾತ್ರ.’ ದಡದ ಗುರುತು ನೋಡಿ ನೀರಿನ ಅಡಿಯ ಕಲ್ಲು ಎಲ್ಲಿದೆ, ಬಲೆ ಎಲ್ಲಿ ಹರಿಯುತ್ತದೆ, ಮೀನು ಎಲ್ಲಿ ಕೂಡುತ್ತದೆ ಎಂದು ಒಬ್ಬ ಮನುಷ್ಯ ಬದುಕಿಡೀ ಕಂಡದ್ದೆಲ್ಲ ಅದರಲ್ಲಿತ್ತು. ಮೂವತ್ತು ವರ್ಷದಲ್ಲಿ ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ನಡುವಿನ ಒಂದು ಹಾಳೆ ಮಾತ್ರ ಅರ್ಧಕ್ಕೆ ಹರಿದು, ಅನ್ನದ ಅಂಟಿನಲ್ಲಿ ಜೋಡಿಸಿದಂತಿತ್ತು.

“ಇದ್ಯಾಕೆ ಹೀಗೆ ಹರಿದಿದೆ?”

ಗಿರಿಜಕ್ಕ ಹರಿದ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಹೇಳಿದಳು. ಅವಳಿಗೆ ಇಬ್ಬರು ತಮ್ಮಂದಿರು, ಬೀರ ಮತ್ತು ಗಣಪ. ಇಬ್ಬರಿಗೂ ಬೇರೆ ಬೇರೆ ದೋಣಿ. ಅಪ್ಪ ಹಾಸಿಗೆ ಹಿಡಿದಮೇಲೆ ಪುಸ್ತಕ ತನಗೆ ಬೇಕೆಂದು ಇಬ್ಬರೂ ಹಟ ಹಿಡಿದರು. ಜಿಪಿಎಸ್ ಬಂದಿಲ್ಲವೇ ಎನ್ನುತ್ತೀರಾ? ನಾನೂ ಕೇಳಿದೆ. ಅದು ನೀನು ಎಲ್ಲಿದ್ದೀಯ ಎಂದು ಹೇಳುತ್ತದೆ, ಕೆಳಗಿನ ಕಲ್ಲು ಬಲೆಯನ್ನು ಏನು ಮಾಡುತ್ತದೆ ಎಂದು ಹೇಳುವುದಿಲ್ಲವಂತೆ. ಒಂದು ದಿನ ಅಪ್ಪನ ಕಣ್ಣೆದುರೇ ಇಬ್ಬರೂ ಪುಸ್ತಕ ಹಿಡಿದು ಜಗ್ಗಾಡಿದರು. ಆ ಹಾಳೆ ಪರ್ರನೆ ಹರಿಯಿತು. ಅಪ್ಪ ಗಿರಿಜಕ್ಕನನ್ನು ಹತ್ತಿರ ಕರೆದು ಹೇಳಿದನಂತೆ: “ಒಂದು ಪುಸ್ತಕ ಇಬ್ರಿಗೆ ಸಾಲೂದಿಲ್ಲ ಮಗಾ. ನಾ ಹೋದ್ಮೇಲೆ ಇದ್ನ ಕಡಲಿಗೇ ಬಿಟ್ಬಿಡು.”

“ಅಪ್ಪ ಹೋಗಿ ಏಳು ವರ್ಷ ಆಯ್ತು ಅಕ್ಕೋರೆ. ತಮ್ಮಂದ್ರು ಒಬ್ರ ಮುಖ ಒಬ್ರು ನೋಡೂದಿಲ್ಲ. ಪ್ರತಿ ನೂಲು ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಡೂಕೆ ಹೋತೆ, ಇದ್ನೂ ತಕಂಡು ಹೋತೆ. ಬಿಡೂಕೆ ಕೈಯೇ ಬರೂದಿಲ್ಲ. ಬಿಟ್ರೆ ಅಪ್ಪ ಕಂಡದ್ದೆಲ್ಲ ಹೋಯ್ತು. ಬಿಡದೆ ಇದ್ರೆ ಅಪ್ಪಗೆ ಕೊಟ್ಟ ಮಾತು ಹೋಯ್ತು. ನೀವು ಕಂಪ್ಯೂಟರಲ್ಲಿ ಇಡ್ತ್ರಿ ಅಂದ್ರೆ, ಈ ಸಲ ನಾ ಧೈರ್ಯ ಮಾಡ್ತೆ.”

ಗ್ರಂಥಪಾಲಕಿಯ ಮುಂದೆ ಪುಸ್ತಕ ನೀರಿಗೆ ಬಿಡುವ ಮಾತು! ನಾನು ಬೇಡಿಕೊಂಡೆ, ಗ್ರಂಥಾಲಯಕ್ಕೇ ಕೊಟ್ಟುಬಿಡು, ಗಾಜಿನ ಕಪಾಟಿನಲ್ಲಿಡುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಮಾತು ಕೊಟ್ಟದ್ದು ಅಪ್ಪನಿಗೆ, ನನಗಲ್ಲವಲ್ಲ. ಕೊನೆಗೆ ಅವಳು ಕೇಳಿದ್ದು ಒಂದೇ, “ನೀವು ಇಡೂದು ಗಟ್ಟಿಯನ್ರಾ?” ನಾನು ಎದೆ ಸೆಟೆಸಿ, “ಗಟ್ಟಿ” ಎಂದೆ. ಎರಡು ತಿಂಗಳು ಕಾರವಾರಕ್ಕೆ ಹೋಗಿಬಂದ ಗತ್ತು ಅದು, ಇನ್ನೇನು.

ಮೂರು ದಿನ ಕೂತು ಪ್ರತಿಯೊಂದು ಪುಟವನ್ನೂ ಸ್ಕ್ಯಾನ್ ಮಾಡಿದೆ. ಪುಸ್ತಕ ಗಿರಿಜಕ್ಕನಿಗೆ ವಾಪಸು ಕೊಟ್ಟೆ. ನಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಫೋಲ್ಡರು, ಅದರಲ್ಲಿ ಏನಿಟ್ಟರೂ ಜಾಲತಾಣದಲ್ಲಿ ಕಾಣುವಂತೆ ಶ್ವೇತಾ ಹೊಂದಿಸಿಕೊಟ್ಟಿದ್ದಳು. ಪುಟ ಬರೆದೆ, ಚಿತ್ರಗಳನ್ನು ಜೋಡಿಸಿದೆ, ತೆರೆದದ್ದನ್ನೆಲ್ಲ ಮುಚ್ಚಿದೆ. ಮೊಬೈಲಿನಲ್ಲಿ ನೋಡಿದರೆ ಗುಂಡು ಕೈಬರಹ ಬೆಳ್ಳಗೆ ಹೊಳೆಯುತ್ತಿತ್ತು. ತರಗತಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ವೇತಾ ಒಂದು ಮಾತು ಮಾತ್ರ ಒತ್ತಿ ಹೇಳಿದಳು: “ಮೇಡಂ, ಇದ್ರ ಪ್ರತಿ ಇನ್ನೂ ಎರಡು ಕಡೆ ಇಡಿ ಹಾಂ. ಪೆನ್‌ಡ್ರೈವಲ್ಲೊಂದು, ಬೇರೆ ಫೋಲ್ಡರಲ್ಲೊಂದು.” ಇಟ್ಟೆ.

ಈಗ ನನ್ನ ಪರಾಕ್ರಮ ಕೇಳಿ.

ಗ್ರಂಥಾಲಯದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ನಂಬರು. ಒಂದೇ ನಂಬರಿನ ಪುಸ್ತಕ ಎರಡು ಕಡೆ ಕಂಡರೆ ಎಲ್ಲೋ ತಪ್ಪಾಗಿದೆ ಎಂದರ್ಥ, ಅದನ್ನು ಸರಿಪಡಿಸುವವರೆಗೆ ನನಗೆ ಊಟ ಸೇರುವುದಿಲ್ಲ. ಶ್ರಾವಣ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಓದುಗರು ಯಾರೂ ಇರಲಿಲ್ಲ. ಕಂಪ್ಯೂಟರು ತೆರೆದು ನೋಡಿದೆ. ಗಿರಿಜಕ್ಕನ ಅಪ್ಪನ ಪುಸ್ತಕ ಜಾಲತಾಣದ ಫೋಲ್ಡರಿನಲ್ಲಿದೆ, ಇನ್ನೊಂದು ಫೋಲ್ಡರಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ. ಸಾಲದ್ದಕ್ಕೆ ಮೊದಲ ಪರದೆಯ ಮೇಲೂ ಅದೇ ಹೆಸರಿನದೊಂದು ಕೂತಿದೆ. ಒಂದೇ ಹೆಸರು, ನಾಲ್ಕು ಜಾಗ! ಶ್ವೇತಾ ಹೇಳಿದ್ದು ನೆನಪಿರಲಿಲ್ಲವೇ? ನೆನಪಿತ್ತು. ಆದರೆ ಮೂವತ್ತು ವರ್ಷದ ಕೈ ಎರಡು ತಿಂಗಳ ಪಾಠವನ್ನು ಕೇಳುತ್ತದೆಯೇ? ಸೀರೆ ಎತ್ತಿ ಕಟ್ಟಿ ಕಂಪ್ಯೂಟರಿನ ಸ್ಟಾಕ್ ಪರಿಶೀಲನೆ ಮಾಡಿದೆ. ಮೊದಲ ಪರದೆಯ ಮೇಲಿದ್ದುದು ಒತ್ತಿದ ಕೂಡಲೇ ಪುಸ್ತಕ ಚೆನ್ನಾಗಿ ತೆರೆಯಿತು. ಸರಿ, ಇದೇ ಅಸಲು ಎಂದುಕೊಂಡು ಅದನ್ನೇ ಜಾಲತಾಣದ ಫೋಲ್ಡರಿಗೆ ಸೇರಿಸಿದೆ. ಉಳಿದ ಮೂರನ್ನೂ ಅಳಿಸಿದೆ. ರದ್ದಾದ ಪುಸ್ತಕಗಳನ್ನು ಮೂಲೆಯಲ್ಲಿ ಪೇರಿಸಿಡುವುದು ನನಗೆ ಆಗದು, ಅದಕ್ಕೇ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ನೂಲು ಹುಣ್ಣಿಮೆಯ ದಿನ ಬೆಳಿಗ್ಗೆ ಗ್ರಂಥಾಲಯಕ್ಕೆ ಒಬ್ಬ ನಿವೃತ್ತ ಕಾರಕೂನರು ಬಂದರು. ಅವರಿಗೆ ಜಂಬದಿಂದ ನಮ್ಮ ಜಾಲತಾಣ ತೋರಿಸಲು ಹೋದೆ. ಗಿರಿಜಕ್ಕನ ಅಪ್ಪನ ಹೆಸರೇನೋ ಬಂತು, ಅದರ ಕೆಳಗೆ ಪುಟದ ಬದಲು ಬರೀ ಖಾಲಿ ಚೌಕ. ಮೂಲೆಯಲ್ಲಿ ಹರಿದ ಚಿತ್ರದ ಸಣ್ಣ ಗುರುತು. ಇನ್ನೊಂದು ಪುಟ, ಅಲ್ಲೂ ಖಾಲಿ ಚೌಕ. ಕಾರಕೂನರು, “ಇದೇ ಏನು ವಿಶೇಷ?” ಎಂದು ಕೇಳಿ ಪೇಪರು ಓದಲು ಹೋದರು.

ಶ್ವೇತಾಗೆ ಫೋನು ಮಾಡಿದೆ. ಅವಳು ದೂರದಿಂದಲೇ ನಮ್ಮ ಕಂಪ್ಯೂಟರಿನೊಳಗೆ ಹೊಕ್ಕು ಹುಡುಕುತ್ತ, ನಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಕೇಳಿದಳು. ಹೇಳಿದೆ.

“ಅರೆ ದೇವಾ, ಕಿತೆಂ ಕೆಲೆಂ ತುಮಿ!” ಎಂದಳು. ಏನು ಮಾಡಿಬಿಟ್ಟಿರಿ ಎಂದರ್ಥ. ಗಾಬರಿಯಾದರೆ ಅವಳಿಗೆ ಕನ್ನಡ ಬಿಟ್ಟು ಕೊಂಕಣಿ ಬರುತ್ತದೆ. “ಮೇಡಂ, ನೀವು ಇಟ್ಕೊಂಡದ್ದು ಶಾರ್ಟ್‌ಕಟ್. ಅದು ಪುಸ್ತಕ ಅಲ್ಲ. ಪುಸ್ತಕ ಎಲ್ಲಿದೆ ಅಂತ ತೋರಿಸೋ ಚೀಟಿ ಅಷ್ಟೇ. ಅಸಲು ನೀವು ಅಳಿಸಿದ್ರಲ್ಲಿ ಇತ್ತು.”

ನನಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಯಾವ ಕಪಾಟು, ಯಾವ ಸಾಲು ಎಂದು ಬರೆದ ಕ್ಯಾಟಲಾಗು ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡು ಕಪಾಟಿನಲ್ಲಿದ್ದ ಪುಸ್ತಕವನ್ನು ಎಸೆದಿದ್ದೆ. ಲೋಕದಲ್ಲಿ ಬೇರೆ ಯಾರಾದರೂ ಇಂಥದ್ದು ಮಾಡಿದರೆ ಕ್ಷಮೆಯುಂಟು. ನಾನು ಗ್ರಂಥಪಾಲಕಿ!

“ತೆಗೆಯೂಕೆ ಬರೂದಿಲ್ವೇನೆ ಶ್ವೇತಾ?” ಎಂದೆ. ಮೇಡಂ ಎನ್ನುವುದು ಮರೆತೇಹೋಗಿತ್ತು. ಅವಳು ಅರ್ಧ ಗಂಟೆ ಹುಡುಕಿದಳು. “ಸಿಗ್ತಾ ಇಲ್ಲ ಮೇಡಂ. ಆದ್ರೆ ಅಸಲು ಪುಸ್ತಕ ಇದೆಯಲ್ಲ, ಇನ್ನೊಂದ್ಸಲ ಸ್ಕ್ಯಾನ್ ಮಾಡಿ, ಮುಗೀತು” ಎಂದಳು.

ಆಗ ನನಗೆ ಇವತ್ತು ಯಾವ ದಿನ ಎಂಬುದು ತಲೆಗೆ ಹೊಕ್ಕಿತು.

ಕಾರಕೂನರನ್ನೇ ಕುರ್ಚಿಯಲ್ಲಿ ಕೂರಿಸಿ ರಸ್ತೆಗೆ ಓಡಿದೆ. ಆಟೋದವನಿಗೆ “ಕೇಣಿ, ಬೇಗ” ಎಂದೆ. “ಯಾರಿಗಾದ್ರೂ ಹುಷಾರಿಲ್ಲನ್ರಾ?” ಎಂದ ಅವನು. ಏನೆಂದು ಹೇಳಲಿ? ದಾರಿಯುದ್ದಕ್ಕೂ ಕಂಡ ಕಂಡ ದೇವರಿಗೆಲ್ಲ ಹೇಳಿಕೊಂಡೆ. ಗಿರಿಜಕ್ಕ ಇವತ್ತು ಎದ್ದದ್ದು ತಡವಾಗಿರಲಿ, ಅವಳಿಗೆ ಕಾಯಿ ಸಿಗದೆ ಹೋಗಿರಲಿ, ಭಟ್ಟರು ಬರದೇ ಇರಲಿ. ಆಟೋ ಎಮ್ಮೆಯೊಂದು ಅಡ್ಡಬಂದಾಗ ನಿಂತರೆ, ನಾನು ಎಮ್ಮೆಗೆ ಕೈಮುಗಿದೆ.

ದಡದಲ್ಲಿ ಎಲ್ಲ ಮುಗಿದಿತ್ತು. ದೋಣಿಗಳ ಮೂತಿಗೆ ಹಾಕಿದ ಹೂವಿನ ಮಾಲೆ ಗಾಳಿಗೆ ಅಲ್ಲಾಡುತ್ತಿತ್ತು. ಮರಳಿನ ಮೇಲೆ ಕುಂಕುಮ, ಹೂವು, ಒಂದೆರಡು ಬಾಳೆಹಣ್ಣಿನ ಸಿಪ್ಪೆ. ಪೂಜೆಗೆ ಬಂದವರು ಮನೆಗೆ ಹೊರಟಿದ್ದರು. ಗಿರಿಜಕ್ಕ ಹೊಸ ಸೀರೆ ಉಟ್ಟು ನೀರಿನ ಕಡೆಯಿಂದ ನಡೆದು ಬರುತ್ತಿದ್ದಳು. ಎರಡೂ ಕೈ ಖಾಲಿ. ಕಂಕುಳಲ್ಲೂ ಏನೂ ಇರಲಿಲ್ಲ.

ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ.

“ಎಂತಾ ಆಯ್ತು ಅಕ್ಕೋರೆ? ನೀವು ಇಲ್ಲಿ?” ಎಂದು ಅವಳು ಓಡಿಬಂದಳು.

“ಗಿರಿಜಕ್ಕ, ನಾನು ನಿಮ್ಮಪ್ಪನ ಪುಸ್ತಕ ಕಳೆದುಬಿಟ್ಟೆ” ಎಂದೆ. “ಕಂಪ್ಯೂಟರಿನಲ್ಲಿ ಇಲ್ಲ. ಅಳಿಸಿಹೋಯ್ತು. ನಾನೇ ಅಳಿಸಿದೆ. ಗಟ್ಟಿ ಅಂತ ಹೇಳಿ ನಿನ್ನ ಕೈಯಾರೆ ನೀರಿಗೆ ಬಿಡಿಸಿದೆ.” ಹೇಳುತ್ತ ಹೇಳುತ್ತ ಅಳು ಬಂತು. ಐವತ್ತೈದು ವರ್ಷದ ಹೆಂಗಸು, ಹಬ್ಬದ ದಿನ, ಊರವರ ಎದುರಿಗೆ ಗೊಳೋ ಎಂದು ಅತ್ತೆ. ನಾಚಿಕೆಯೂ ಆಗಲಿಲ್ಲ ಎಂದರೆ ನೋಡಿ.

ಗಿರಿಜಕ್ಕ ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ಅಳು ತುಸು ನಿಲ್ಲುವವರೆಗೆ ಕಾದಳು. ಆಮೇಲೆ, “ಅದ್ಕೇ ಕಾಣ್ಲಿಲ್ಲ ಹಾಂಗಾರೆ” ಎಂದಳು.

“ಏನು ಕಾಣಲಿಲ್ಲ?”

“ಬೆಳಿಗ್ಗೆ ಕಾಯಿ ಬಿಡೂ ಮೊದ್ಲು ಬೀರನ ಮಗಳ ಹತ್ರ ಹೇಳ್ದೆ, ಮೊಬೈಲಲ್ಲಿ ಅಕ್ಕೋರ ಪುಟ ತೆಗಿ, ಅಜ್ಜನ ಅಕ್ಷರ ಅದ್ಯಾ ತೋರ್ಸು ಅಂತ. ಅವ್ಳು ತೆಗ್ದಳು. ಅಕ್ಷರ ಎಲ್ಲದೆ? ಬರೀ ಖಾಲಿ ಡಬ್ಬಿ. ನಂಗೆ ಓದೂಕೆ ಬರೂದಿಲ್ಲ ನಿಜ, ಅಪ್ಪನ ಅಕ್ಷರ ಇಲ್ಲ ಅನ್ನೂದು ಗುತ್ತಾಗ್ತದಲ್ರಾ? ಕಾಯಿ ಒಂದೇ ಬಿಟ್ಟೆ. ಪುಸ್ತಕ ಅವ್ಳ ಕೈಲೇ ನಮ್ಮನೆಗೆ ಕಳ್ಸ್ದೆ.”

ಅವಳು ದಡದಲ್ಲಿ ಕಟ್ಟಿದ್ದ ದೋಣಿಯೊಂದರ ಕಡೆ ಕೈ ತೋರಿಸಿದಳು.

“ದೋಣಿಗೆ ಹೊಸ ಹಗ್ಗ ಹಾಕೂವಾಗ ಅಪ್ಪ ಎಂತಾ ಮಾಡ್ತಿದ್ದ ಗುತ್ತನ್ರಾ? ಮೊದ್ಲು ಹೊಸದ್ನ ಕಟ್ಟೂದು. ಆಮೇಲೆ ದೋಣಿ ನೀರಿಗೆ ದೂಡೂದು. ಹೊಸ ಹಗ್ಗ ಜಗ್ಗಿ ಬಿಗಿ ಆದದ್ದು ಕಣ್ಣಾರೆ ಕಂಡ್ಮೇಲೇ ಹಳೇದ್ರ ಗಂಟು ಬಿಚ್ಚೂದು. ನಾನೂ ಹಾಂಗೇ ಮಾಡ್ದೆ. ಅದ್ರಲ್ಲಿ ಎಂತದೆ?”

ಎಂತದೆಯಂತೆ! ಇದೇ ಮಾತನ್ನು ಶ್ವೇತಾ ಕಾರವಾರದಲ್ಲಿ ಒಂದಿಡೀ ಮಧ್ಯಾಹ್ನ ಗೋಡೆಯ ಮೇಲೆ ಚಿತ್ರ ಮೂಡಿಸಿ, ಬಾಣದ ಗುರುತು ಹಾಕಿ ಹೇಳಿದ್ದಳು. ನಾನು ಚಂದ ಅಕ್ಷರದಲ್ಲಿ ಬರೆದುಕೊಂಡು ಪ್ರಮಾಣಪತ್ರವನ್ನೂ ತಂದಿದ್ದೆ. ಆ ಕ್ಷಣದಲ್ಲಿ ನನಗಾದ ನೆಮ್ಮದಿ ಹೇಗೆ ಹೇಳಲಿ? ಎದೆಯ ಮೇಲೆ ಕೂತಿದ್ದ ಅಕ್ಕಿಮೂಟೆಯನ್ನು ಯಾರೋ ಎತ್ತಿಕೊಂಡು ಹೋದ ಹಾಗೆ. ಅಳುತ್ತಿದ್ದವಳು ನಗತೊಡಗಿದೆ. ಗಿರಿಜಕ್ಕನೂ ನಕ್ಕಳು.

“ಅಲ್ಲ ಅಕ್ಕೋರೆ, ನೀವು ಅಳಸ್ದದ್ದು ಒಳ್ಳೇದೇ ಆಯ್ತು. ಅಕ್ಷರ ಕಂಡಿದ್ರೆ ಇಷ್ಟೊತ್ತಿಗೆ ಅಪ್ಪನ ಪುಸ್ತಕ ಬಂಗಡೆ ಓದ್ತಿತ್ತು. ಏಳಿ, ಸೀರೆ ಎಲ್ಲ ಮರಳು. ಮನೇಲಿ ಪಾಯಸ ಮಾಡಿದ್ದೆ.”

ಆ ಪಾಯಸವನ್ನು ನಾನು ಮೂರು ಸಲ ಹಾಕಿಸಿಕೊಂಡೆ. ಪಕ್ಕದಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಪುಸ್ತಕವಿತ್ತು. ತಿನ್ನುತ್ತ ತಿನ್ನುತ್ತ ಎಡಗೈಯಲ್ಲಿ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಆಟೋದವನು ಹೊರಗೆ ಕಾಯುತ್ತಿದ್ದಾನೆ ಎಂಬುದು ನೆನಪಾಗಿ ಅವನಿಗೂ ಒಂದು ಬಟ್ಟಲು ಕಳಿಸಿದೆವು. ಗ್ರಂಥಾಲಯಕ್ಕೆ ವಾಪಸು ಬಂದಾಗ ಕಾರಕೂನರು ನನ್ನ ಕುರ್ಚಿಯಲ್ಲಿ ಗಂಭೀರವಾಗಿ ಕೂತು ಇಬ್ಬರಿಗೆ ಪುಸ್ತಕ ಕೊಟ್ಟು, ತಪ್ಪು ಕಾಲಮ್ಮಿನಲ್ಲಿ ಬರೆದಿದ್ದರು. ನಾನು ಒಂದು ಮಾತೂ ಅನ್ನಲಿಲ್ಲ. ಆ ದಿನ ಯಾರ ತಪ್ಪನ್ನೂ ಎತ್ತಿ ಆಡುವ ಯೋಗ್ಯತೆ ನನಗಿರಲಿಲ್ಲ.

ಮರುದಿನವೇ ಮತ್ತೆ ಸ್ಕ್ಯಾನ್ ಶುರುಮಾಡಿದೆ. ಈ ಸಲ ಗಿರಿಜಕ್ಕ ಮೀನು ಮಾರಿ ಮುಗಿಸಿ ಬಂದು ಪಕ್ಕದಲ್ಲೇ ಕೂರುತ್ತಿದ್ದಳು. ನಂಬಿಕೆಯಿಲ್ಲದೆ ಅಲ್ಲವಂತೆ, ಹೇಗೆ ಮಾಡುತ್ತಾರೆ ನೋಡೋಣ ಅಂತ. ನಾನೂ ನಂಬಿದಂತೆ ತೋರಿಸಿಕೊಂಡೆ. ಪ್ರತಿಗಳನ್ನು ಐದು ಕಡೆ ಇಟ್ಟೆ. ಒಂದನ್ನು ಶ್ವೇತಾಗೂ ಕಳಿಸಿದೆ. ಅವಳು, “ಎರಡು ಸಾಕಿತ್ತು ಮೇಡಂ” ಎಂದಳು. ಒಂದೇ ಹೆಸರು ಐದು ಕಡೆ ಕಾಣುವಾಗ ಈಗಲೂ ಕೈ ತುರಿಸುತ್ತದೆ. ಅಂಥ ಹೊತ್ತಿನಲ್ಲಿ ಎದ್ದುಹೋಗಿ ಕಪಾಟಿನ ಧೂಳು ಒರೆಸಿ ಬರುತ್ತೇನೆ.

ಪುಟ ತೆರೆದುಕೊಂಡಾಗ ಗಿರಿಜಕ್ಕ ಪರದೆಯನ್ನೇ ನೋಡುತ್ತ ಕೂತಳು. ಹರಿದು ಜೋಡಿಸಿದ ಹಾಳೆ ಬಂದಾಗ, “ಇದೂ ಬಂತನ್ರಾ?” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಇದ್ನ ಒಬ್ರು ತೆಗದ್ರೆ ಇನ್ನೊಬ್ರಿಗೆ ಬರೂದಿಲ್ಲ ಅಂತ ಉಂಟನ್ರಾ?” ಎಂದು ಕೇಳಿದಳು.

“ಇಲ್ಲ. ಎಷ್ಟು ಜನ ಬೇಕಾದರೂ ನೋಡಬಹುದು.”

“ಖರೇ?”

“ಖರೇ. ಬೇಕಾದರೆ ನೀನೇ ಪರೀಕ್ಷೆ ಮಾಡು.”

ಅವಳು ಮಾಡಿಯೇ ನೋಡಿದಳು. ನನ್ನ ಮೊಬೈಲಿನಲ್ಲಿ ಒಂದು, ಪೇಪರು ಓದುತ್ತಿದ್ದ ಕಾರಕೂನರ ಮೊಬೈಲಿನಲ್ಲಿ ಒಂದು, ಕಂಪ್ಯೂಟರಿನಲ್ಲಿ ಒಂದು, ಮೂರರಲ್ಲೂ ಒಂದೇ ಪುಟ ತೆಗೆಸಿ ಮೂರನ್ನೂ ಸಾಲಾಗಿಟ್ಟು ನೋಡಿದಳು. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, “ಬೀರಂಗೂ ಕಳ್ಸಿ, ಗಣಪಂಗೂ ಕಳ್ಸಿ. ಇಬ್ರಿಗೂ ಒಂದೇ ಹೊತ್ತಿಗೆ ಕಳ್ಸಿ, ಹಿಂದೆ ಮುಂದೆ ಮಾಡ್ಬೇಡಿ” ಎಂದಳು. ಕಳಿಸಿದೆ. ಹಾಗಾದರೆ ಪುಸ್ತಕ ನೀರಿಗೆ ಬಿಡುವುದು ಯಾವಾಗ ಎಂದು ಅಂಜುತ್ತಲೇ ಕೇಳಿದೆ. “ಇಬ್ರೂ ಓದ್ಲಿ ಮೊದ್ಲು. ನೂಲು ಹುಣ್ಣಿಮೆ ಎಂತಾ ಓಡಿಹೋಗ್ತದನ್ರಾ?” ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಎಂಟು ಹತ್ತು ದಿನ ಏನೂ ಸುದ್ದಿಯಿರಲಿಲ್ಲ. ಅಣ್ಣತಮ್ಮಂದಿರು ತೆಗೆದು ನೋಡಿದರೋ ಇಲ್ಲವೋ ಎಂದು ದಿನಾ ಗಿರಿಜಕ್ಕನ ಮುಖ ನೋಡುತ್ತಿದ್ದೆ, ಅವಳೂ ನನ್ನ ಮುಖ ನೋಡುತ್ತಿದ್ದಳು. ಒಂದು ದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುತ್ತಿದ್ದಂತೆ ಫೋನು ಬಂತು. ಗಟ್ಟಿ ದನಿ, ಹಿಂದೆ ಗಾಳಿಯ ಸದ್ದು.

“ಅಕ್ಕೋರೆ, ನಾ ಕೇಣಿ ಬೀರ, ಗಿರಿಜಕ್ಕನ ತಮ್ಮ. ಅಪ್ಪನ ಪುಸ್ತಕ ಈಗ ಗಣಪ ನೋಡ್ತಾ ಇದ್ನಾ? ನಿಮ್ಗೆ ಅಲ್ಲಿ ಗುತ್ತಾಗ್ತದಾ?”

ಜಗ್ಗಾಟ ಜಾಲತಾಣಕ್ಕೂ ಬಂತಲ್ಲ ದೇವರೇ ಎಂದುಕೊಂಡೆ. “ಗೊತ್ತಾಗೂದಿಲ್ಲ ಬೀರಣ್ಣ. ಯಾಕೆ?” ಎಂದೆ ಮೆಲ್ಲಗೆ.

“ಅಲ್ಲಾ, ಅಂವ ನೋಡ್ತಾ ಇದ್ರೆ ನಾ ಆಮೇಲೆ ತೆಗಿತೆ. ಅವನ ದೋಣಿ ನಂದ್ರಕಿಂತ ಮೊದ್ಲು ಹೊರಡ್ತದೆ. ಅಂವನೇ ನೋಡ್ಲಿ ಮೊದ್ಲು.”

ಕೈಯಲ್ಲಿದ್ದ ಬೀಗ ಕೆಳಗಿಟ್ಟೆ. ಆಮೇಲೆ, “ಕಾಯೂದು ಬೇಡ ಬೀರಣ್ಣ. ಇಬ್ಬರೂ ಒಟ್ಟಿಗೇ ನೋಡಬಹುದು” ಎಂದೆ.

“ಒಂದೇ ಪುಟಾನೂ?”

“ಒಂದೇ ಪುಟಾನೂ.”

“ಹೌದನ್ರಾ” ಎಂದ. ಮತ್ತೆ, “ಹಾಂಗಾರೆ ಅವ್ನಿಗೂ ಹೇಳ್ತೆ ತಡೀರಿ. ಪಾಪ, ಅಂವನೂ ನಾ ಮುಗ್ಸ್ಲಿ ಅಂತ ಕಾಯ್ತಾ ಇರ್ತ” ಎಂದ.

ಏಳು ವರ್ಷದಿಂದ ತಮ್ಮನ ಜೊತೆ ಮಾತಿಲ್ಲದ ಮನುಷ್ಯ. ತಾನು ಯಾರಿಗೆ ಹೇಳಹೊರಟಿದ್ದೇನೆ ಎಂಬುದು ಅವನಿಗೆ ಹೊಳೆಯುವ ಮೊದಲೇ ಫೋನು ಇಟ್ಟುಬಿಟ್ಟಿದ್ದ.